ಒಂದೇ ಪದರದ ಕಣ್ಣುಪಟ್ಟಿ

ಜಿಪ್ಪು ಕೆಡುವುದು ಒಂದೇ ಒಂದು ಹಲ್ಲಿನಿಂದ, ಬದಲಾಯಿಸಬೇಕಾದ್ದು ಮಾತ್ರ ಇಡೀ ಜಿಪ್ಪು. ಈ ಮಾತನ್ನು ಪಟ್ಟಿಯಮ್ಮ ದಿನಕ್ಕೆ ನಾಲ್ಕು ಗಿರಾಕಿಗಳಿಗಾದರೂ ಹೇಳುತ್ತಾಳೆ, ನಾಲ್ವರೂ ನಂಬುವುದಿಲ್ಲ. ಚಳಿ ಶುರುವಾಗುವ ಹೊತ್ತು. ಹೋದ ವರ್ಷ ಕಪಾಟಿಗೆ ತುರುಕಿದ ಕೋಟುಗಳೆಲ್ಲ ಈಗ ಹೊರಗೆ ಬಂದು, ಬಾಯಿ ಬಿಟ್ಟುಕೊಂಡು ಅವಳ ಮೇಜಿನ ಮೇಲೆ ಬಿದ್ದಿದ್ದವು. ನಾಲ್ಕು ಮಹಡಿಯ ಕಟ್ಟಡದಲ್ಲಿ ಮೆಟ್ಟಿಲ ಕೆಳಗಿನ ಕೋಣೆಯೇ ಅವಳ ಅಂಗಡಿ. ಮೇಲಿನವರು ಹತ್ತಲಿ ಇಳಿಯಲಿ, ಚಪ್ಪಲಿಯ ಸದ್ದು ಅವಳ ನೆತ್ತಿಯ ಮೇಲೆಯೇ. ಎಪ್ಪತ್ತೊಂದು ವರ್ಷ ವಯಸ್ಸು. ಬೆರಳ ಗಂಟುಗಳು ನೋಯುತ್ತವೆ, ಸೂಜಿಯ ಕಣ್ಣು ವರ್ಷದಿಂದ ವರ್ಷಕ್ಕೆ ಚಿಕ್ಕದಾಗುತ್ತಿದೆ. ಬೆಳಗ್ಗೆ ಏಳುವಾಗಲೇ ಸಂಜೆಯಷ್ಟು ಸುಸ್ತು.

ಅವಳಿಗೆ ಈ ಹೆಸರು ಬಂದದ್ದು ಟೀವಿಯಿಂದ. ಹೊಲಿಗೆಯವಳಿಗೂ ಟೀವಿಗೂ ಏನು ಸಂಬಂಧ ಅಂತ ಈಗಿನವರು ಕೇಳಬಹುದು. ಕೇಳಲಿ. ಆಗ ‘ಯಾರಿರಬಹುದು’ ಅಂತ ಒಂದು ಕಾರ್ಯಕ್ರಮ ಬರುತ್ತಿತ್ತು, ಪ್ರತಿ ಗುರುವಾರ ಸಂಜೆ ಏಳಕ್ಕೆ. ಉದ್ದನೆಯ ಮೇಜಿನ ಹಿಂದೆ ನಾಲ್ಕು ಜನ: ಒಬ್ಬ ವಕೀಲರು, ಒಬ್ಬ ನಾಟಕದ ನಟ, ಒಬ್ಬ ಪತ್ರಕರ್ತ, ಮತ್ತೆ ಗಣಿತ ಹೇಳಿಕೊಡುವ ಒಬ್ಬ ಶಾಲೆಯ ಟೀಚರಮ್ಮ. ಎದುರಿಗೆ ಯಾರೋ ಒಬ್ಬರು ಬಂದು ಕೂರುವರು. ಅವರ ಕೆಲಸ ಏನು ಅಂತ ಇವರು ಪ್ರಶ್ನೆ ಕೇಳಿ ಕೇಳಿ ಕಂಡುಹಿಡಿಯಬೇಕು. ಬಂದವರು ಬಾಯಿ ಬಿಡುವ ಹಾಗಿಲ್ಲ. ಹೌದಾದರೆ ಗಂಟೆ ಒಂದು ಸಲ ಹೊಡೆಯಬೇಕು, ಅಲ್ಲವಾದರೆ ಎರಡು ಸಲ. ಹತ್ತು ‘ಅಲ್ಲ’ ಆಯಿತೋ, ನಾಲ್ವರೂ ಸೋತ ಹಾಗೆ. ಕೊನೆಗೆ ಬರುವ ಅತಿಥಿ ಮಾತ್ರ ನಾಲ್ವರಿಗೂ ಮುಖ ಪರಿಚಯ ಇರುವಂಥವರು. ಅದಕ್ಕೇ ಆಗ ನಾಲ್ವರ ಕಣ್ಣಿಗೂ ಕಪ್ಪು ಪಟ್ಟಿ. ಆ ಪಟ್ಟಿಗಳನ್ನು ಹೊಲಿದವಳು, ಹನ್ನೊಂದು ವರ್ಷ ವಾರವಾರವೂ ಒಗೆದು ಇಸ್ತ್ರಿ ಮಾಡಿ ಕಟ್ಟಿದವಳು ಇವಳು.

ಗುರುವಾರ ಏಳು ಗಂಟೆಗೆ ಬೀದಿಯಲ್ಲಿ ನಾಯಿ ಕೂಡ ಇರುತ್ತಿರಲಿಲ್ಲ ಅಂತ ಅವಳ ತಂಗಿ ಈಗಲೂ ಹೇಳುತ್ತಾಳೆ. ಟೀವಿ ಇರುವ ಮನೆಯಲ್ಲಿ ಇಡೀ ಬೀದಿಯೇ ಕೂತಿರುತ್ತಿತ್ತು. ಮಕ್ಕಳು ಟವೆಲ್ಲು ಕಟ್ಟಿಕೊಂಡು ಅದೇ ಆಟ ಆಡಿ ಗೋಡೆಗೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಈಗ ಟೀವಿಯಲ್ಲಿ ನಾಲ್ಕು ಜನ ಕೂತರೆ ನಾಲ್ವರೂ ಒಟ್ಟಿಗೆ ಕಿರುಚುತ್ತಾರೆ, ಪ್ರಶ್ನೆ ಕೇಳುವ ಪುರುಸೊತ್ತು ಯಾರಿಗೂ ಇಲ್ಲ. ಹೋಗಲಿ ಬಿಡಿ, ಆ ಕಾಲ ಮುಗಿಯಿತು.

ತಂಗಿಗೆ ಮಾತ್ರ ಮುಗಿದಿಲ್ಲ. ಅಂಚೆ ಕಚೇರಿಯಿಂದ ನಿವೃತ್ತಳಾಗಿ ಅಕ್ಕನ ಜೊತೆಗೇ ಇರುವ ಅವಳು ಮಧ್ಯಾಹ್ನ ಅಂಗಡಿಗೆ ಬಂದು ಗುಂಡಿ ಹೊಲಿಯುತ್ತಾ ಕೂರುತ್ತಾಳೆ. ಹೊಲಿಯುವುದು ಎರಡು ಗುಂಡಿ, ಆಡುವುದು ಇನ್ನೂರು ಮಾತು.

“ಇವತ್ತು ರಾತ್ರಿ ಅಡುಗೆಗೆ ಏನು ಅಂತ ಯೋಚನೆ ಮಾಡಿದೀನಿ. ಕೇಳು ನೋಡೋಣ,” ಅಂದಳು ತಂಗಿ.

“ಏನಾದ್ರೂ ಮಾಡು ಮಾರಾಯ್ತಿ. ನಂಗೆ ಸಾಕಾಗಿದೆ.”

“ನೆಲದೊಳಗೆ ಬೆಳೆಯತ್ತಾ ಅಂತ ಕೇಳಬೇಕು ನೀನು.”

“ನೆಲದೊಳಗೆ ನಾನೇ ಹೋಗೋ ಹೊತ್ತಾಯ್ತು. ಸುಮ್ನೆ ಗುಂಡಿ ಹೊಲಿ.”

ಪಟ್ಟಿಯಮ್ಮನ ಮನಸ್ಸು ಅವತ್ತು ಬೆಳಗಿನಿಂದಲೇ ನೆಟ್ಟಗಿರಲಿಲ್ಲ. ಟೀವಿ ಕೇಂದ್ರದಿಂದ ಫೋನು ಬಂದಿತ್ತು. ಟೀಚರಮ್ಮ ಹೋದ ತಿಂಗಳು ತೀರಿಕೊಂಡಿದ್ದರು. ಎಂಬತ್ತನಾಲ್ಕು ವರ್ಷವಾಗಿತ್ತು, ನಿದ್ದೆಯಲ್ಲೇ ಹೋದರಂತೆ. ಅವರ ನೆನಪಿಗೆ ಒಂದು ವಿಶೇಷ ಕಾರ್ಯಕ್ರಮ ಮಾಡುತ್ತಾರಂತೆ. ಹಳೆಯ ಕಣ್ಣುಪಟ್ಟಿಗಳು ಇನ್ನೂ ನಿಮ್ಮ ಹತ್ತಿರ ಇವೆಯಂತೆ, ಬಂದು ನೋಡಬಹುದೇ ಅಂತ ನಿರ್ಮಾಪಕಿ ಒಬ್ಬಳು ಕೇಳಿದ್ದಳು. ಇವಳು ಬರಬೇಡ ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಪಕ್ಕದಲ್ಲಿದ್ದ ತಂಗಿ ಫೋನಿಗೆ ಬಾಯಿ ಹಾಕಿ, ಮೂರೂವರೆಗೆ ಬನ್ನಿ ಅಂದುಬಿಟ್ಟಿದ್ದಳು.

ಪಟ್ಟಿಯಮ್ಮ ಆ ಪಟ್ಟಿಗಳ ಡಬ್ಬಿಯನ್ನು ಯಾರಿಗೂ ಕೊಡಲು ತಯಾರಿರಲಿಲ್ಲ. ಯಾಕೆ ಅಂತ ತಂಗಿಗೂ ಗೊತ್ತಿಲ್ಲ. ಅದು ಕಾರ್ಯಕ್ರಮದ ಎರಡನೆಯ ವಾರದ ಸಂಗತಿ.

ಆಗ ಪಟ್ಟಿಯಮ್ಮನಿಗೆ ಇಪ್ಪತ್ತಾರು. ಕೇಂದ್ರದ ಉಡುಪಿನ ಕೋಣೆಯಲ್ಲಿ ಕೆಲಸ. ಚಿತ್ರೀಕರಣಕ್ಕೆ ಒಂದು ಗಂಟೆ ಮೊದಲು ಟೀಚರಮ್ಮ ಒಳಗೆ ಬಂದು ಬಾಗಿಲು ಹಾಕಿಕೊಂಡರು. “ನನ್ನ ಕೈಲಿ ಆಗಲ್ಲಮ್ಮ, ಬಿಟ್ಟು ಹೋಗ್ತೀನಿ,” ಅಂದರು. ಆರು ವರ್ಷದವರಿದ್ದಾಗ ದೊಡ್ಡಪ್ಪನ ಮನೆಯಲ್ಲಿ ಆಟವಾಡುತ್ತಾ ಒಂದು ಮರದ ಪೆಟ್ಟಿಗೆಯೊಳಗೆ ಬಚ್ಚಿಟ್ಟುಕೊಂಡಿದ್ದರಂತೆ. ಮುಚ್ಚಳದ ಚಿಲಕ ತಾನಾಗಿಯೇ ಹಾಕಿಕೊಂಡಿತು. ತೆಗೆಯುವವರೆಗೆ ಅರ್ಧ ದಿನ. ಅವತ್ತಿನಿಂದ ಕಣ್ಣಿಗೆ ಕತ್ತಲೆ ಕಟ್ಟಿದರೆ ಉಸಿರು ನಿಂತ ಹಾಗಾಗುತ್ತದೆ. ಹೋದ ವಾರ ಹೇಗೋ ಹಲ್ಲುಕಚ್ಚಿ ಕೂತಿದ್ದರು, ಇನ್ನು ಆಗದು.

ಪಟ್ಟಿಯಮ್ಮ ಬೇರೇನೂ ಯೋಚಿಸಲಿಲ್ಲ. ಹೊಲಿಗೆಯವಳಿಗೆ ಹೊಳೆಯುವುದು ಹೊಲಿಗೆಯ ದಾರಿಯೇ. ಉಳಿದ ಮೂರು ಪಟ್ಟಿಗಳಿಗೆ ಎರಡು ಪದರ ದಪ್ಪ ಬಟ್ಟೆ, ನಡುವೆ ಹತ್ತಿ. ಟೀಚರಮ್ಮನದಕ್ಕೆ ಒಂದೇ ಪದರ ತೆಳು ಕಪ್ಪು ಬಟ್ಟೆ ಹಾಕಿ, ಸುತ್ತ ಅಂಚಿಗೆ ಮಾತ್ರ ಹತ್ತಿ ತುಂಬಿದಳು. ಹೊರಗಿನಿಂದ ನಾಲ್ಕೂ ಒಂದೇ. ಗುರುತಿಗೆ ಒಳ ಅಂಚಿನಲ್ಲಿ ಒಂದು ಕೆಂಪು ಹೊಲಿಗೆ.

ಟೀಚರಮ್ಮ ಕಟ್ಟಿಕೊಂಡು ನೋಡಿದರು, ಉಸಿರು ಬಿಟ್ಟರು. “ನಾನು ಕಣ್ಣು ಮುಚ್ಕೊಂಡೇ ಇರ್ತೀನಿ, ಮಾತು ಕೊಡ್ತೀನಿ. ಆದ್ರೆ ಕಣ್ಣು ಬಿಟ್ಟರೆ ಬೆಳಕಿದೆ ಅಂತ ಗೊತ್ತಿರ್ಬೇಕು ನೋಡಿ, ಅಷ್ಟೇ ಸಾಕು,” ಅಂದರು.

ಅಷ್ಟೇ. ಆಮೇಲೆ ಹನ್ನೊಂದು ವರ್ಷ ಇಬ್ಬರೂ ಅದರ ಸುದ್ದಿ ಎತ್ತಲಿಲ್ಲ. ಟೀಚರಮ್ಮ ಊಹಿಸಿ ಊಹಿಸಿ ಮನೆಮಾತಾದರು. ಗಂಟೆಯ ಸದ್ದಿನಲ್ಲೇ ಕೈಯ ಭಾರ ಗುರುತು ಹಿಡಿಯುತ್ತಾರೆ, ಕುರ್ಚಿ ಕಿರುಗುಟ್ಟಿದ್ದರಲ್ಲೇ ಆಳು ಯಾರು ಅಂತ ಹೇಳುತ್ತಾರೆ ಅಂತ ಜನ ಹೊಗಳಿದ್ದೇ ಹೊಗಳಿದ್ದು. ಹೊಗಳಿಕೆ ಹೆಚ್ಚಿದಷ್ಟೂ ಪಟ್ಟಿಯಮ್ಮನ ತಲೆಯೊಳಗೆ ಒಂದು ಹುಳು ಕೊರೆಯತೊಡಗಿತು. ನಿಜವಾಗಿಯೂ ಕಣ್ಣು ಮುಚ್ಚಿಕೊಂಡಿರುತ್ತಾರಾ? ಒಂದು ದಿನ ಊಟದ ಹೊತ್ತಿನಲ್ಲಿ ಖಾಲಿ ಸ್ಟುಡಿಯೋಗೆ ಹೋಗಿ, ದೀಪ ಹಾಕಿಸಿ, ಆ ಪಟ್ಟಿ ಕಟ್ಟಿಕೊಂಡು ನೋಡಿದಳು. ನೆರಳು ಮಾತ್ರ ಕಾಣುತ್ತದೆ ಅಂದುಕೊಂಡಿದ್ದಳು. ಎದುರಿನ ಕುರ್ಚಿಯ ಮೊಳೆ ಕೂಡ ಕಂಡಿತು.

ಆದರೂ ಬಾಯಿಗೆ ಬೀಗ ಹಾಕಿಕೊಂಡಳು. ಕೊನೆಯ ವಾರ ಬರದೇ ಇದ್ದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತೇನೋ.

ಕಾರ್ಯಕ್ರಮ ಮುಗಿಸುವ ವಾರ ಅದನ್ನು ನಡೆಸಿಕೊಡುವವರಿಗೆ ಒಂದು ತಮಾಷೆ ಹೊಳೆಯಿತು. ಕಡೆಯ ಅತಿಥಿಯಾಗಿ ಪಟ್ಟಿ ಹೊಲಿಯುವವಳನ್ನೇ ಕೂರಿಸಿದರೆ? ಪಟ್ಟಿಯಮ್ಮ ಬೇಡವೇ ಬೇಡ ಅಂದಳು, ಎಲ್ಲರೂ ಸೇರಿ ಒಪ್ಪಿಸಿದರು. ಹೋಗಿ ಕೂತಳು. ಎದುರಿಗೆ ನಾಲ್ಕು ಪಟ್ಟಿಗಳು, ನಾಲ್ಕೂ ತನ್ನ ಕೈಯವು. ಆಟ ನಡೆಯಿತು. ಒಂಬತ್ತು ‘ಅಲ್ಲ’ ಆಯಿತು. ಸರದಿ ಟೀಚರಮ್ಮನದು. “ನಾನು ನಿಮ್ಮನ್ನ ವಾರವಾರ ನೋಡ್ತೀನಾ?” ಅಂತ ಕೇಳಿದರು. ಗಂಟೆ ಒಂದು ಸಲ. ಟೀಚರಮ್ಮ ನಕ್ಕರು, ಏನೋ ಗೊಣಗಿದರು, ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದರು: “ನಮ್ಮ ಮೇಕಪ್ಪಮ್ಮ.”

ಮೇಕಪ್ಪಮ್ಮ ಅಂದರೆ ಕೇಂದ್ರದಲ್ಲಿ ಎಲ್ಲರ ಮುಖಕ್ಕೂ ಬಣ್ಣ ಹಚ್ಚುವವಳು. ಮುಂದೆ ಕೂತಿದ್ದ ಜನ ಬಿದ್ದು ಬಿದ್ದು ನಕ್ಕರು. ಪಟ್ಟಿಯಮ್ಮ ಎರಡು ಸಲ ಗಂಟೆ ಹೊಡೆದಳು. ಹತ್ತನೆಯ ‘ಅಲ್ಲ’. ಪಟ್ಟಿಗಳು ಇಳಿಯುವ ಮೊದಲೇ ಎದ್ದು ಹೋಗಿಬಿಟ್ಟಳು.

ಅಲ್ಲ, ನೀವೇ ಹೇಳಿ. ತಾನೇ ಹೊಲಿದ ತೆಳು ಬಟ್ಟೆಯ ಹಿಂದಿನಿಂದ ತನ್ನ ಮುಖವನ್ನು ನೋಡಿಯೂ ಇದು ಬೇರೆ ಯಾರೋ ಅಂದರೆ ಯಾರಿಗೆ ತಾನೇ ಉರಿಯುವುದಿಲ್ಲ? ಗುರುತು ಹಿಡಿದರೆ ತಮ್ಮ ಗುಟ್ಟು ಹೊರಬೀಳುತ್ತದೆ ಅಂತ ಟೀಚರಮ್ಮ ಬೇಕೆಂದೇ ತಪ್ಪು ಹೇಳಿದರು ಅಂತ ಪಟ್ಟಿಯಮ್ಮ ಗಟ್ಟಿ ಮಾಡಿಕೊಂಡಳು. ಮಾರನೆಯ ದಿನ ಟೀಚರಮ್ಮ ಉಡುಪಿನ ಕೋಣೆಯ ಬಾಗಿಲು ತಟ್ಟಿದರು. ಒಳಗಿದ್ದವಳು ತೆಗೆಯಲಿಲ್ಲ. ಅದರ ಮುಂದಿನ ವಾರವೂ ತಟ್ಟಿದರು. ಮನೆಗೆ ಎರಡು ಸಲ ಫೋನು ಮಾಡಿದರು. ಅಕ್ಕ ಮನೆಯಲ್ಲಿಲ್ಲ ಅಂತ ತಂಗಿಯಿಂದ ಹೇಳಿಸಿದಳು. ಹೀಗೆ ಮೂವತ್ತನಾಲ್ಕು ವರ್ಷ.

ಮೂರೂವರೆಗೆ ಸರಿಯಾಗಿ ನಿರ್ಮಾಪಕಿ ಬಂದಳು. ಮೂವತ್ತರ ಆಸುಪಾಸು. ಅವಳೂ ದಣಿದಿದ್ದಳು, ಕಣ್ಣ ಕೆಳಗೆ ಕಪ್ಪು. ಕೋಟುಗಳನ್ನು ಪಕ್ಕಕ್ಕೆ ಸರಿಸಿ ಸ್ಟೂಲಿನ ಮೇಲೆ ಕೂತು, ಸುತ್ತಿಬಳಸದೆ ವಿಷಯಕ್ಕೆ ಬಂದಳು. ಹಳೆಯ ಟೇಪುಗಳನ್ನೆಲ್ಲ ಕಂಪ್ಯೂಟರಿನಲ್ಲಿ ತೊಳೆದು ಸ್ವಚ್ಛ ಮಾಡಿದ್ದಾರೆ, ಚಿತ್ರವೂ ಈಗ ಚೊಕ್ಕ, ಮಾತೂ ಚೊಕ್ಕ. ಆಗ ಒಂದು ತೊಡಕು ಕಾಣಿಸಿದೆ. ಕೈಯಲ್ಲಿದ್ದ ದೊಡ್ಡ ಫೋನಿನಂಥದ್ದನ್ನು ತಿರುಗಿಸಿ ತೋರಿಸಿದಳು.

“ಇಲ್ಲಿ ನೋಡಿ ಅಮ್ಮ. ಈ ಮೂವರ ಪಟ್ಟಿ ಪೂರ್ತಿ ಕಪ್ಪು. ಟೀಚರಮ್ಮಂದು ಮಾತ್ರ ನೋಡಿ, ಹಿಂದೆ ಹುಬ್ಬು ಕಾಣ್ತಿದೆ.”

ಕಾಣುತ್ತಿತ್ತು.

“ನಮ್ಮ ಮುಖ್ಯಸ್ಥರು ಇದನ್ನೇ ಕಾರ್ಯಕ್ರಮ ಮಾಡೋಣ ಅಂತಿದಾರೆ. ಎಲ್ಲಾ ಮೋಸ, ಅವರಿಗೆ ಮೊದಲಿಂದ ಕಾಣ್ತಿತ್ತು ಅಂತ. ನಾನು ಆಗಲ್ಲ, ಮೊದಲು ಹೊಲಿದವರನ್ನ ಕೇಳ್ಬೇಕು ಅಂದೆ. ಇವತ್ತು ಸಂಜೆಯೊಳಗೆ ಬರೆದು ಕೊಡ್ಬೇಕು. ನೀವು ಏನು ಹೇಳ್ತೀರೋ ಅದನ್ನೇ ಬರೀತೀನಿ.”

“ನಾಲ್ಕೂ ಒಂದೇ ಬಟ್ಟೆ,” ಅಂದಳು ಪಟ್ಟಿಯಮ್ಮ. “ದೀಪದ ಬೆಳಕಿಗೆ ಹಾಗೆ ಕಾಣತ್ತೆ.”

ಸುಳ್ಳು ಎಷ್ಟು ಸಲೀಸಾಗಿ ಬಂತು ಅಂದರೆ ಅವಳಿಗೇ ಆಶ್ಚರ್ಯವಾಯಿತು. ಮೂವತ್ತನಾಲ್ಕು ವರ್ಷ ಆ ಹೆಂಗಸಿನ ಮೇಲೆ ಮುನಿಸು ಸಾಕಿದವಳು ಈಗ ಅವರ ಬಾಗಿಲು ಕಾಯಲು ನಿಂತಿದ್ದಳು. ತಾನು ಬೈದುಕೊಳ್ಳುವುದು ಬೇರೆ, ಊರವರು ಬೈಯುವುದು ಬೇರೆ. ಸತ್ತವರು ಎದ್ದು ಬಂದು ಏನು ಹೇಳಲಾದೀತು?

“ಆ ಪಟ್ಟಿ ಒಂದ್ಸಲ ನೋಡಬಹುದಾ?”

“ಮೂರೇ ಉಳಿದಿರೋದು. ಅವರದ್ದು ಎಲ್ಲೋ ಕಳೆದುಹೋಯ್ತು.”

“ಎಲ್ಲಿ ಕಳೆದುಹೋಯ್ತು ಅಕ್ಕ?” ಅಂದಳು ತಂಗಿ, ಗುಂಡಿಯಿಂದ ತಲೆ ಎತ್ತಿ. “ನಾಲ್ಕೂ ಬಿಸ್ಕತ್ತಿನ ಡಬ್ಬೀಲಿದೆಯಲ್ಲ. ಮೊನ್ನೆ ತಾನೇ ಎಣಿಸಿದೆ.”

ತಂಗಿ ಅನ್ನಿಸಿಕೊಂಡವಳು ಮೂವತ್ತು ವರ್ಷ ಅಂಚೆ ಕಚೇರಿಯಲ್ಲಿ ಜನರ ಕಾಗದ ತಲುಪಿಸಿದವಳು. ಏನಾದರೂ ಕಳೆದುಹೋಯಿತು ಅಂದರೆ ಅವಳು ಸಹಿಸುವುದಿಲ್ಲ. ಪಟ್ಟಿಯಮ್ಮ ಕಣ್ಣು ಬಿಟ್ಟಳು, ಕಾಲಲ್ಲಿ ತಿವಿದಳು, ತಂಗಿಗೆ ಅರ್ಥವಾದರೆ ತಾನೇ. ಮೇಲಿನ ಗೂಡಿನಿಂದ ಡಬ್ಬಿ ಇಳಿಸಿ, ಮುಚ್ಚಳ ತೆಗೆದು, ಮೇಜಿನ ಮೇಲೆ ಇಟ್ಟೇಬಿಟ್ಟಳು.

ನಿರ್ಮಾಪಕಿ ಒಂದೊಂದೇ ಎತ್ತಿ ಬೆಳಕಿಗೆ ಹಿಡಿದಳು. ಕೆಂಪು ಹೊಲಿಗೆಯದು ಕೈಗೆ ಬಂದಾಗ ಕಣ್ಣಿಗೆ ಕಟ್ಟಿಕೊಂಡಳು.

“ನಿಮ್ಮ ಕೈಲಿರೋ ಕತ್ತರಿ ಕಾಣ್ತಿದೆ, ಅಮ್ಮ,” ಅಂದಳು ಮೆಲ್ಲಗೆ.

ಮೇಲೆ ಯಾರೋ ಮೆಟ್ಟಿಲು ಇಳಿದು ಹೋದರು. ಪಟ್ಟಿಯಮ್ಮ ಕತ್ತರಿ ಕೆಳಗಿಟ್ಟಳು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ. ಪೆಟ್ಟಿಗೆಯ ಕತೆ, ಕೊಟ್ಟ ಮಾತು ಎಲ್ಲ ಹೇಳಿದಳು. ತಂಗಿ ಬಾಯಿ ತೆರೆದುಕೊಂಡು ಕೂತಳು.

“ಮಾತು ಉಳಿಸಿಕೊಂಡ್ರಾ?” ಅಂತ ಕೇಳಿದಳು ನಿರ್ಮಾಪಕಿ.

“ಗೊತ್ತಿಲ್ಲ. ಉಳಿಸಿಕೊಳ್ಳಲಿಲ್ಲ ಅಂತಲೇ ನನ್ನ ಅನಿಸಿಕೆ. ನನ್ನ ಮುಖ ನೋಡಿಕೊಂಡೇ ಮೇಕಪ್ಪಮ್ಮ ಅಂದ್ರಲ್ಲ.”

“ಕಡೇ ಸಂಚಿಕೆ ನೀವು ನೋಡಿದ್ರಾ?”

“ಅದರ ಮುಖ ಯಾರು ನೋಡ್ತಾರೆ?”

ನಿಜ, ಅವಳು ಆ ಸಂಚಿಕೆಯನ್ನು ಯಾವತ್ತೂ ನೋಡಿರಲಿಲ್ಲ. ಅದು ಪ್ರಸಾರವಾದ ಗುರುವಾರ ಏಳು ಗಂಟೆಗೆ ಬೀದಿಯಲ್ಲಿ ನಡೆದಾಡುತ್ತಿದ್ದದ್ದು ಅವಳೊಬ್ಬಳೇ. ನಿರ್ಮಾಪಕಿ ಹುಡುಕಿ ಹಚ್ಚಿದಳು. ಮೂವರ ತಲೆಯೂ ಆ ಸಣ್ಣ ಪರದೆಯ ಮೇಲೆ ಬಾಗಿತು.

ಮೂವತ್ತೇಳರ ಒಬ್ಬಳು ಹೆಂಗಸು ಬಂದು ಕುರ್ಚಿಯ ತುದಿಯಲ್ಲಿ ಕೂತಳು. ಎಷ್ಟು ಕಪ್ಪು ಕೂದಲು. ಮುಖ ಮಾತ್ರ ಹಿಟ್ಟಿನಲ್ಲಿ ಅದ್ದಿ ತೆಗೆದ ಹಾಗೆ ಬಿಳಿ. ಪಟ್ಟಿಯಮ್ಮನಿಗೆ ಅವತ್ತಿನ ಸಂಕಟ ನೆನಪಾಯಿತು. ಜೀವಮಾನದಲ್ಲೇ ಮೊದಲ ಸಲ ಕ್ಯಾಮೆರಾದ ಮುಂದೆ ಹೋಗುತ್ತಿದ್ದವಳನ್ನು ಮೇಕಪ್ಪಮ್ಮ ಹಿಡಿದು ಕೂರಿಸಿಕೊಂಡು, ದೀಪಕ್ಕೆ ಮುಖ ಹೊಳೆಯಬಾರದು ಅಂತ ಡಬ್ಬಿಗಟ್ಟಲೆ ಪೌಡರು ಮೆತ್ತಿದ್ದಳು. ಕೊರಳು, ಕಿವಿ, ಕೈಯನ್ನೂ ಬಿಟ್ಟಿರಲಿಲ್ಲ. ಸೀನು ತಡೆದುಕೊಂಡೇ ಬಂದು ಕೂತಿದ್ದಳು.

ಪ್ರಶ್ನೆಗಳು ನಡೆದವು. ಗಂಟೆ ಒಮ್ಮೆ ಒಂದು ಸಲ, ಒಮ್ಮೆ ಎರಡು ಸಲ. ಒಂಬತ್ತನೆಯ ‘ಅಲ್ಲ’. ಕ್ಯಾಮೆರಾ ಟೀಚರಮ್ಮನ ಹತ್ತಿರಕ್ಕೆ ಹೋಯಿತು. “ನಾನು ನಿಮ್ಮನ್ನ ವಾರವಾರ ನೋಡ್ತೀನಾ?” ಗಂಟೆ ಒಂದು ಸಲ. ಟೀಚರಮ್ಮ ಮೇಜಿನ ಮೇಲೆ ಮುಂದಕ್ಕೆ ಬಾಗಿದರು. ಮುಖ ಸ್ವಲ್ಪ ಮೇಲೆತ್ತಿ ಮೂಗಿನಿಂದ ಉಸಿರು ಎಳೆದುಕೊಂಡರು, ಒಂದು ಸಲ, ಮತ್ತೊಂದು ಸಲ. ಆಮೇಲೆ ನಕ್ಕರು. ಅವತ್ತು ಜನರ ಗದ್ದಲದಲ್ಲಿ ಮುಳುಗಿಹೋಗಿದ್ದ ಗೊಣಗಾಟ ಈಗ ತೊಳೆದಿಟ್ಟ ಹಾಗೆ ಕೇಳಿಸಿತು.

“ಈ ಪೌಡರ್ ವಾಸನೆ ನಂಗೆ ಗೊತ್ತಿಲ್ವಾ? ಇನ್ಯಾರು?” ಆಮೇಲೆ ಗಟ್ಟಿಯಾಗಿ, “ನಮ್ಮ ಮೇಕಪ್ಪಮ್ಮ.”

“ಇನ್ನೊಂದ್ಸಲ ಹಾಕು,” ಅಂದಳು ಪಟ್ಟಿಯಮ್ಮ.

ನಿರ್ಮಾಪಕಿ ಇನ್ನೊಂದು ಸಲ ಹಾಕಿದಳು. ಮೂಗು ಮೇಲೆತ್ತಿದರು, ಉಸಿರು ಎಳೆದರು, ನಕ್ಕರು. ಕಂಡುಹಿಡಿದೆ ಅನ್ನುವವರ ಖುಷಿಯ ನಗು ಅದು, ಮುಚ್ಚಿಡುವವರ ನಗು ಅಲ್ಲ. ಕಣ್ಣು ಬಿಟ್ಟಿದ್ದರೆ ಆ ಮೂಗಿಗೆ ಅಲ್ಲಿ ಏನು ಕೆಲಸ? ಆ ಕೇಂದ್ರದಲ್ಲಿ ಪೌಡರಿನ ವಾಸನೆ ಅಂದರೆ ಮೇಕಪ್ಪಮ್ಮ ಒಬ್ಬಳೇ. ಕಣ್ಣು ಮುಚ್ಚಿ ಕೂತವರು ಮಾಡಬಹುದಾದ ತಪ್ಪು ಅದು, ಅವರು ಮಾತ್ರ ಮಾಡಬಹುದಾದ ತಪ್ಪು. ಪಟ್ಟಿಯಮ್ಮನನ್ನು ಟೀಚರಮ್ಮ ಗುರುತು ಹಿಡಿಯದೇ ಇದ್ದದ್ದು ಕೊಟ್ಟ ಮಾತು ಉಳಿಸಿಕೊಂಡಿದ್ದರಿಂದ.

ಪರದೆಯಲ್ಲಿ ಪಟ್ಟಿಗಳು ಇಳಿದವು. ಎದುರಿನ ಕುರ್ಚಿ ಆಗಲೇ ಖಾಲಿ. ನಡೆಸಿಕೊಡುವವರು ನಗುತ್ತಾ ಇಂಥವರು ಬಂದಿದ್ದರು ಅಂತ ಹೇಳಿದರು. ಟೀಚರಮ್ಮ ನಗಲಿಲ್ಲ. “ಅಯ್ಯೋ, ಅವರಾ? ಎಲ್ಲಿ ಹೋದ್ರು?” ಅಂತ ಎದ್ದು ನಿಂತು, ದೀಪದ ಬೆಳಕಿಗೆ ಕೈ ಅಡ್ಡ ಹಿಡಿದು ಬಾಗಿಲ ಕಡೆಗೆ ನೋಡಿದರು. ಅಷ್ಟಕ್ಕೆ ಟೇಪು ಮುಗಿಯಿತು.

ಪಟ್ಟಿಯಮ್ಮನಿಗೆ ಹಗುರ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಬಾಗಿಲು ತಟ್ಟಿದ ಸದ್ದು ಕಿವಿಯಲ್ಲಿತ್ತು, ಮೊದಲ ದಿನ ಮೂರು ಸಲ, ಮುಂದಿನ ವಾರ ಎರಡೇ ಸಲ. ಎದ್ದು ಹೋಗಿ ಚಿಲಕ ತೆಗೆಯಲು ನಾಲ್ಕು ಹೆಜ್ಜೆ ಸಾಕಿತ್ತು. ಮೂವತ್ತನಾಲ್ಕು ವರ್ಷದಲ್ಲಿ ಆ ನಾಲ್ಕು ಹೆಜ್ಜೆ ಅವಳ ಕೈಲಿ ಆಗಲಿಲ್ಲ. ಹೋದ ತಿಂಗಳವರೆಗೂ ಅವರು ಇದೇ ಊರಿನಲ್ಲಿದ್ದರು, ಎರಡು ಬಸ್ಸು ಬದಲಾಯಿಸಿದರೆ ಅವರ ಮನೆ.

“ನಾನೇ ಅಲ್ವಾ ಅವರಿಗೆ ಸುಳ್ಳು ಹೇಳಿದ್ದು, ನೀನು ಮನೇಲಿಲ್ಲ ಅಂತ,” ಅಂದಳು ತಂಗಿ. “ಎರಡನೇ ಸಲ ಫೋನು ಮಾಡಿದಾಗಲೂ ಹಾಗೇ ಅಂದೆ ಅಕ್ಕ. ಅದಕ್ಕೆ, ಇರಲಿ ಬಿಡಮ್ಮ, ಬಂದಾಗ ಹೇಳು ಅಂದ್ರು.”

“ನೀನು ನಂಗೆ ಹೇಳಲೇ ಇಲ್ವಲ್ಲೇ.”

“ಅವರ ಹೆಸರು ಎತ್ತಿದ್ರೆ ಬಾಯಿ ಹೊಲೀತೀನಿ ಅಂದಿದ್ದೆ ನೀನು.”

ಅಂದಿದ್ದು ಹೌದು. ಪಟ್ಟಿಯಮ್ಮ ಮುಖಕ್ಕೆ ಕೋಟೊಂದರ ತೋಳು ಒತ್ತಿಕೊಂಡು ಅತ್ತಳು. ಗಿರಾಕಿಯ ಕೋಟು ಅಂತ ನೆನಪಾದ ಮೇಲೆ ಬಿಟ್ಟಳು.

ನಿರ್ಮಾಪಕಿ ಗಡಿಯಾರ ನೋಡಲಿಲ್ಲ, ಅದು ಅವಳ ದೊಡ್ಡತನ. ಕಾದು, ಆಮೇಲೆ ಕೇಳಿದಳು. “ಅಮ್ಮ, ನಾನು ಏನು ಬರೀಲಿ?”

“ಇದ್ದದ್ದು ಇದ್ದ ಹಾಗೆ ಬರಿ. ಪಟ್ಟಿ ತೆಳು, ಹೊಲಿದವಳು ನಾನೇ. ಬೇಕಾದವರು ಕಟ್ಟಿಕೊಂಡು ನೋಡಲಿ, ಮೊಳೆ ಕೂಡ ಕಾಣತ್ತೆ. ಹನ್ನೊಂದು ವರ್ಷ ಅವರು ಕಣ್ಣು ಬಿಡಲಿಲ್ಲ. ಆ ಮೂಗು ತೋರಿಸು ಎಲ್ಲರಿಗೂ.”

“ನಾನು ಬರೆದ್ರೆ ನಮ್ಮ ಮುಖ್ಯಸ್ಥರು ನಂಬಲ್ಲ. ನೀವೇ ಬಂದು ಹೇಳ್ತೀರಾ, ಕ್ಯಾಮೆರಾ ಮುಂದೆ?”

ಪಟ್ಟಿಯಮ್ಮ ಮೇಜಿನ ಕಡೆಗೆ ನೋಡಿದಳು. ಇನ್ನೂ ಒಂಬತ್ತು ಕೋಟು. ಬೆರಳುಗಳು ನೋಯುತ್ತಿದ್ದವು, ಮಂಡಿ ನೋಯುತ್ತಿತ್ತು, ಕ್ಯಾಮೆರಾ ಅಂದರೆ ಇವತ್ತಿಗೂ ಆಗದು. ಕೆಂಪು ಹೊಲಿಗೆಯ ಪಟ್ಟಿಯನ್ನು ಎತ್ತಿಕೊಂಡು, ಹಿಂದೆ ವಾರವಾರ ಮಡಚುತ್ತಿದ್ದ ಹಾಗೆ ಎರಡು ಮಡಿಕೆ ಮಡಚಿ, ನಿರ್ಮಾಪಕಿಯ ಕೈಗೆ ಕೊಟ್ಟಳು.

“ಬರ್ತೀನಿ,” ಅಂದಳು. “ಪೌಡರ್ ಮಾತ್ರ ಹಚ್ಚಬೇಡಿ.”